ಅನಂತ ಅನ್ನೋ ಕಲ್ಪನೆಯೇ ಒಂದು ವಿರೋಧಾಭಾಸವಾ?

ಗೌರಿಬಿದನೂರು_ಪಿಯು
ಗಣಗಳ (ಸೆಟ್, ಅಂದರೆ ವಸ್ತುಗಳ ಗುಂಪು) ಪಾಠ ಬಂದಾಗಲೆಲ್ಲ ಮಕ್ಕಳು ಕೇಳೋ ಪ್ರಶ್ನೆ. 1, 4, 9, 16… ಈ ಪೂರ್ಣ ವರ್ಗಗಳು 100ರೊಳಗೆ 10 ಇವೆ, 10,000ದೊಳಗೆ ಬರೀ 100. ಮುಂದೆ ಹೋದಷ್ಟೂ ವಿರಳ. ಆದರೂ ಪ್ರತಿ ಸಂಖ್ಯೆಗೂ ಒಂದು ವರ್ಗ ಇದ್ದೇ ಇದೆ, ಹಾಗಾಗಿ ಎರಡೂ ಸಮ ಅಂತೀವಿ. ಗೆಲಿಲಿಯೋ 1638ರಲ್ಲೇ ಇದನ್ನೆತ್ತಿ, ಅನಂತಕ್ಕೆ ಹೆಚ್ಚು, ಕಡಿಮೆ, ಸಮ ಅನ್ನೋ ಮಾತೇ ಸಲ್ಲದು ಅಂದುಬಿಟ್ಟ. ಹಾಗಾದ್ರೆ ಕಲ್ಪನೆಯಲ್ಲೇ ದೋಷ ಇದೆಯಾ? ಬೋರ್ಡ್ ಮೇಲೆ ಬರೆದು ತೋರಿಸುವಂಥ ಉತ್ತರ ಬೇಕು, ವೇದಾಂತ ಬೇಡ.

ಕೋಲಾರ_ಲೆಕ್ಕ
ಇಲ್ಲಿ ಎರಡು ಅಳತೆಗೋಲು ಬೆರೆತುಹೋಗಿವೆ ಸರ್. ಒಂದು, ಇದು ಅದರ ಭಾಗವೋ ಅಲ್ಲವೋ ಅಂತ ನೋಡೋದು. ಇನ್ನೊಂದು ಜೋಡಿ ಮಾಡೋದು: ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸಿಗೊಂದು ಚೀಟಿ ಸಿಕ್ಕಿಸಿ, ಚೀಟಿಯೂ ಮಿಗದೆ ಬಾಕ್ಸೂ ಮಿಗದೆ ಇದ್ದರೆ ಎಣಿಸದೇ ಎರಡೂ ಸಮ ಅಂತೀವಲ್ಲ, ಹಾಗೆ. ಸೀಮಿತ ಗಣದಲ್ಲಿ ಎರಡೂ ಗೋಲು ಒಂದೇ ಉತ್ತರ ಕೊಡುತ್ತವೆ, ಅನಂತ ಗಣದಲ್ಲಿ ಬೇರೆ ಬೇರೆ. ಅಷ್ಟಕ್ಕೇ ವಿರೋಧ ಅನ್ನೋಕಾಗಲ್ಲ. ತನ್ನದೇ ಒಂದು ಭಾಗದ ಜೊತೆ ಪೂರ್ತಿ ಜೋಡಿಯಾಗಬಲ್ಲದ್ದೇ ಅನಂತ ಗಣ ಅಂತ ಗಣಿತಜ್ಞ ಡೆಡೆಕಿಂಡ್ 1888ರಲ್ಲಿ ಈ ವಿಚಿತ್ರವನ್ನೇ ವ್ಯಾಖ್ಯೆ ಮಾಡಿಬಿಟ್ಟ.

ಬೋರ್ಡ್ ಮೇಲೆ n ಒಂದು ಸಾಲು, ಕೆಳಗೆ n² ಇನ್ನೊಂದು ಸಾಲು. ಎರಡು n ಒಂದೇ ವರ್ಗಕ್ಕೆ ಹೋಗ್ತಿವೆಯಾ, ಯಾವುದಾದರೂ ವರ್ಗ ಒಂಟಿಯಾಗಿ ಉಳೀತಾ ಅಂತ ಮಕ್ಕಳೇ ಪರೀಕ್ಷಿಸಲಿ.

ಗೌರಿಬಿದನೂರು_ಪಿಯು
ಸರಿ. ಮುಂದಿನ ಪ್ರಶ್ನೆ ಗ್ಯಾರಂಟಿ: "ಹಾಗಾದ್ರೆ ಅನಂತಗಳೆಲ್ಲ ಒಂದೇ, ∞ − ∞ = 0 ಅಲ್ವಾ?"

ತಿಪಟೂರು_ಕರ್ಣ
ಒಂದೇ ಅಲ್ಲ. ಗಣಿತಜ್ಞ ಕ್ಯಾಂಟರ್ 1891ರಲ್ಲಿ ಕೊಟ್ಟ ಕರ್ಣದ ವಾದ ಪಿಯು ಮಕ್ಕಳಿಗೂ ದಕ್ಕುತ್ತದೆ. 0 ಮತ್ತು 1ರ ನಡುವಿನ ಎಲ್ಲ ದಶಮಾಂಶಗಳನ್ನೂ ಒಂದು, ಎರಡು, ಮೂರು ಅಂತ ಪಟ್ಟಿ ಮಾಡಿದ್ದೀವಿ ಅಂತಿಟ್ಟುಕೊಳ್ಳಿ:

0.5182…
0.3370…
0.9164…

ಕರ್ಣದ ಅಂಕಿಗಳು (ಮೊದಲ ಸಾಲಿನ ಮೊದಲನೆಯದು, ಎರಡನೇ ಸಾಲಿನ ಎರಡನೆಯದು, ಹೀಗೆ) 5, 3, 6. ಅಂಕಿ 5 ಇದ್ದರೆ 4 ಬರೆಯಿರಿ, ಬೇರೇನಿದ್ದರೂ 5. ಸಿಗೋದು 0.455… ಇದು ಮೊದಲನೆಯದರಿಂದ ಮೊದಲ ಸ್ಥಾನದಲ್ಲಿ, ಎರಡನೆಯದರಿಂದ ಎರಡನೇ ಸ್ಥಾನದಲ್ಲಿ ಬೇರೆ; ಹೀಗೇ ಮುಂದುವರಿದರೆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಅಂದರೆ ದಶಮಾಂಶಗಳು 1, 2, 3…ರ ಜೊತೆ ಪೂರ್ತಿ ಜೋಡಿಯಾಗಲ್ಲ, ಅವುಗಳ ಅನಂತವೇ ದೊಡ್ಡದು.

ಎಡವೋದು ಮೂರು ಕಡೆ. ಬದಲಿಗೆ 0 ಅಥವಾ 9 ಬಳಸಬೇಡಿ, 0.4999… ಮತ್ತು 0.5000… ಒಂದೇ ಸಂಖ್ಯೆಯಾದ್ದರಿಂದ ವಾದ ಸೋರಿಹೋಗುತ್ತದೆ. "ಹೊಸದನ್ನೂ ಪಟ್ಟಿಗೆ ಸೇರಿಸೋಣ" ಅಂದರೆ ಸೇರಿಸಲಿ, ಆ ಪಟ್ಟಿಗೂ ಮತ್ತೊಂದು ಕರ್ಣ ಇದೆ. ಮೂರನೆಯದು ಜಾಣ ಮಕ್ಕಳ ಪ್ರಶ್ನೆ: ಇದೇ ಆಟ 1, 2, 3…ರ ಮೇಲೆ ಯಾಕೆ ನಡೆಯಲ್ಲ? ಅಲ್ಲಿ ಕರ್ಣ ಬದಲಿಸಿದರೆ ಕೊನೆಯಿಲ್ಲದಷ್ಟು ಅಂಕಿಗಳ ಸಾಲು ಬರುತ್ತದೆ, ಅದು ಸ್ವಾಭಾವಿಕ ಸಂಖ್ಯೆಯೇ ಅಲ್ಲ.

ಮಾಲೂರು_ಸರಣಿ
∞ − ∞ಗೆ ನನ್ನ ಉತ್ತರ: ಸ್ವಾಭಾವಿಕ ಸಂಖ್ಯೆಗಳಿಂದ ಸಮಸಂಖ್ಯೆಗಳನ್ನು ತೆಗೆದರೆ ಅನಂತ ಉಳಿಯುತ್ತದೆ, 6ರಿಂದ ಮುಂದಿನವನ್ನು ತೆಗೆದರೆ ಐದೇ. ತೆಗೆದದ್ದು ಎರಡು ಸಲವೂ "ಅಷ್ಟೇ". ಉತ್ತರ ಒಂದೇ ಇಲ್ಲ, ಅದಕ್ಕೇ ಆ ವ್ಯವಕಲನಕ್ಕೆ ಬೆಲೆ ಕೊಡುವುದಿಲ್ಲ.

ಇನ್ನೂ ಖಾರದ್ದು ಬೇಕಾದರೆ 1 − 1/2 + 1/3 − 1/4 + … ಇದರ ಮೊತ್ತ 0.693. ಅದೇ ಪದಗಳನ್ನು ಒಂದು ಧನ, ಎರಡು ಋಣದಂತೆ ಜೋಡಿಸಿ: 1 − 1/2 − 1/4 + 1/3 − 1/6 − 1/8 + … ಈಗ ಮೊತ್ತ ಸರಿಯಾಗಿ ಅರ್ಧ, 0.347. ಕ್ಯಾಲ್ಕುಲೇಟರಿನಲ್ಲಿ 12 ಪದ ಕೂಡಿದರೇ ಸಾಕು, ಮೊದಲನೆಯದು 0.653, ಎರಡನೆಯದು 0.317. "ಋಣ ಜಾಸ್ತಿ ಹಾಕಿದ್ರಿ" ಅಂತ ಗಲಾಟೆಯಾಗುತ್ತದೆ. ಇಲ್ಲ, ಯಾವ ಪದವೂ ಬಿಟ್ಟುಹೋಗಿಲ್ಲ, ಎರಡು ಸಲವೂ ಬಂದಿಲ್ಲ. 1/99 ತಡವಾಗಿ, 148ನೇ ಪದವಾಗಿ ಬರುತ್ತದೆ, ಅಷ್ಟೇ. 1/2 + 1/4 + 1/8… ಥರದ್ದರಲ್ಲಿ ಹೀಗಾಗಲ್ಲ, ಯಾವ ಕ್ರಮದಲ್ಲಿ ಕೂಡಿದರೂ 1.

ಕೋಲಾರ_ಲೆಕ್ಕ
ನಿಜವಾದ ವಿರೋಧ ಬೇಕಂದ್ರೆ ರಸೆಲ್ 1901ರಲ್ಲಿ ಕಂಡದ್ದು: ತನ್ನನ್ನು ತಾನು ಒಳಗೊಳ್ಳದ ಗಣಗಳೆಲ್ಲದರ ಗಣ. ಅದು ತನ್ನೊಳಗಿದ್ದರೆ ಇರಬಾರದು, ಇಲ್ಲದಿದ್ದರೆ ಇರಬೇಕು. ಗಮನಿಸಿ, ಈ ವಾದದಲ್ಲಿ ಅನಂತದ ಸುದ್ದಿಯೇ ಇಲ್ಲ. ಜರ್ಮೆಲೊ 1908ರಲ್ಲಿ ಅಂಥ ಗಣ ಕಟ್ಟುವ ದಾರಿಯನ್ನೇ ಮುಚ್ಚಿದ, ಅನಂತ ಗಣ ಇದೆ ಅನ್ನೋದನ್ನ ಪ್ರತ್ಯೇಕ ಆಧಾರತತ್ತ್ವವಾಗಿ ಇಟ್ಟುಕೊಂಡ. ಅಂದರೆ ಅದನ್ನು ಸಾಧಿಸಿಲ್ಲ, ಒಪ್ಪಿಕೊಂಡು ಮುಂದೆ ಹೋಗ್ತೀವಿ. ಆ ಚೌಕಟ್ಟಿನಲ್ಲಿ ಇವತ್ತಿನವರೆಗೆ ವಿರೋಧ ಸಿಕ್ಕಿಲ್ಲ. ಎಂದೂ ಸಿಗಲ್ಲ ಅಂತ ಅದರೊಳಗೇ ನಿಂತು ಸಾಧಿಸೋಕೂ ಆಗಲ್ಲ, ಅದು ಗೋಡೆಲ್ 1931ರಲ್ಲಿ ಕೊಟ್ಟ ಏಟು.

ಗೌರಿಬಿದನೂರು_ಪಿಯು
ವರ್ಗದ ಜೋಡಿ, ಕರ್ಣ ಎರಡೂ ಒಂದು ಪೀರಿಯಡ್‌ಗೆ ಹಿಡಿಸುತ್ತೆ. 12 ಪದದ ಲೆಕ್ಕ ಹೋಂವರ್ಕ್‌ಗೆ ಕೊಡ್ತೀನಿ.