ಮೂರು ಖಾನೆಯ ಜಿಪ್ ಕವರ್: ಪುಟ್ಟಿಗೆ ಉತ್ತರ

ಪುಟ್ಟಿ, ನೀನು ಬೆಳಿಗ್ಗೆ ಗ್ರೂಪಿಗೆ ಹಾಕಿದ ಫೋಟೋ ನೋಡಿದೆ. ಮೂರು ಖಾನೆ ಇರುವ ಜಿಪ್ ಕವರ್. ಮಾಣಿ ಜರ್ಮನಿಗೆ ಓದಲು ಹೊರಟಿದ್ದಾನೆ, ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮೂರನ್ನೂ ಒಂದೇ ಕವರಿಗೆ ತುಂಬಿ ಕೊಟ್ಟರೆ ಜಾಗ ಉಳಿಯುತ್ತದೆ, ಒಂದು ಡಜನ್ ತರಿಸಲಾ ದೊಡ್ಡಮ್ಮ ಅಂತ ಕೇಳಿದ್ದೀಯ. ಅತ್ತಿಗೆ ಆಗಲೇ ತರಿಸು ತರಿಸು ಅಂತ ಹೆಬ್ಬೆಟ್ಟು ಒತ್ತಿ ಆಗಿದೆ. ನಾನು ಟೈಪ್ ಮಾಡಲು ಕೂತರೆ ಸಂಜೆಯಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು. ಕೈಕೆಲಸ ಮಾಡುತ್ತಾ ಕೇಳು.

ಪುಡಿಗೆ ಅದು ಬೇಡ. ಬೇರೆ ಕೆಲಸಕ್ಕೆ ಎರಡು ತರಿಸು, ಸಾಕು.

ಯಾಕೆ ಅಂದರೆ, ಆ ಫೋಟೋವನ್ನು ದೊಡ್ಡದು ಮಾಡಿ ನೋಡು. ಮೇಲೆ ಜಿಪ್ ಒಂದೇ ಇದೆ. ಈ ತುದಿಯಿಂದ ಆ ತುದಿಗೆ ಒಂದೇ ಗೆರೆ. ಖಾನೆ ಮಾಡಿದ ಗೋಡೆಗಳು ಜಿಪ್ಪಿನ ತನಕ ಬಂದಿಲ್ಲ, ಬೆರಳಗಲ ಕೆಳಗೇ ನಿಂತಿವೆ. ಗೋಡೆ ಅಂದರೆ ಬೇರೇನಲ್ಲ, ಎರಡು ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಒತ್ತಿ ಅಂಟಿಸಿದ ಗೆರೆ. ಅದನ್ನು ಜಿಪ್ಪಿನ ಮೇಲೂ ಎಳೆದರೆ ಅಲ್ಲಿ ಜಿಪ್ ಕರಗಿ ಚಪ್ಪಟೆಯಾಗುತ್ತದೆ, ತೆಗೆಯಲು ಬರುವುದಿಲ್ಲ. ಅದಕ್ಕೇ ಜಾಗ ಬಿಟ್ಟಿರುತ್ತಾರೆ. ಕವರನ್ನು ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ ಇಟ್ಟರೆ ಏನೂ ತೊಂದರೆ ಇಲ್ಲ. ಆದರೆ ಮಾಣಿಯ ಸೂಟ್‌ಕೇಸ್ ನೆಟ್ಟಗೆ ನಿಂತು ಹೋಗುತ್ತದಾ? ಮಲಗುತ್ತದೆ, ಉರುಳುತ್ತದೆ, ವಿಮಾನದಿಂದ ಇಳಿಸುವವರು ಎತ್ತಿ ಒಗೆಯುತ್ತಾರೆ. ಆಗ ಸಾರಿನ ಪುಡಿ ಆ ಬೆರಳಗಲದ ಸಂದಿಯಲ್ಲಿ ನುಸುಳಿ ಚಟ್ನಿಪುಡಿಯ ಮನೆಗೆ ಹೋಗುತ್ತದೆ. ಅಲ್ಲಿ ಹೋಗಿ ಬಿಚ್ಚಿದರೆ ಮೂರೂ ಸೇರಿ ಹೊಸ ಪುಡಿ.

ಇನ್ನೊಂದು ತರದ್ದು ಸಿಗುತ್ತದೆ. ಒಂದೊಂದು ಖಾನೆಗೂ ಅದರದೇ ಜಿಪ್ ಇರುತ್ತದೆ. ತರಿಸುವುದಾದರೆ ಅಂಥದ್ದೇ ತರಿಸು, ಬೆಲೆ ಸ್ವಲ್ಪ ಜಾಸ್ತಿ ಇದ್ದರೂ ಪರವಾಗಿಲ್ಲ.

ಅದರಲ್ಲೂ ಪುಡಿ ಅಂದರೆ ನನಗೆ ಧೈರ್ಯ ಇಲ್ಲ. ಜಿಪ್ಪಿನ ಬಾಯಿಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದ್ದೀಯಾ? ಒಂದು ತುಟಿಯಲ್ಲಿ ಸಣ್ಣ ಏಣು ಇರುತ್ತದೆ, ಎದುರಿನ ತುಟಿಯಲ್ಲಿ ಅದು ಕೂರುವಷ್ಟೇ ಕಾಲುವೆ. ಒತ್ತಿದಾಗ ಏಣು ಹೋಗಿ ಕಾಲುವೆಯಲ್ಲಿ ಕೂತು ಟಕ್ ಅನ್ನುತ್ತದೆ. ಆ ಕಾಲುವೆ ಎಷ್ಟು ಸಣ್ಣದು ಅಂದರೆ ನಾಲ್ಕು ಕಾಳು ಸಾರಿನ ಪುಡಿ ಬಿದ್ದರೂ ಏಣು ಪೂರ್ತಿ ಇಳಿಯುವುದಿಲ್ಲ. ಮೇಲಿನಿಂದ ಮುಚ್ಚಿದ ಹಾಗೇ ಕಾಣುತ್ತದೆ. ಗಾಳಿ ಮಾತ್ರ ಆಡುತ್ತಲೇ ಇರುತ್ತದೆ. ಅದಕ್ಕೇ ಪುಡಿ ತುಂಬುವಾಗ ಕವರಿನ ಬಾಯನ್ನು ಹೊರಗೆ ಮಡಚಿ ಇಟ್ಟುಕೊಳ್ಳಬೇಕು, ಅಥವಾ ಪೇಪರನ್ನು ಸುರುಳಿ ಸುತ್ತಿ ಒಳಗೆ ಇಳಿಸಿ ಅದರಲ್ಲಿ ಸುರಿಯಬೇಕು. ನ್ಯೂಸ್ ಪೇಪರ್ ಬೇಡ ಮತ್ತೆ, ಮಸಿ ಹತ್ತುತ್ತದೆ. ಬಿಳಿ ಹಾಳೆ ತಗೋ. ತುಂಬಿದ ಮೇಲೆ ಒಣ ಬಟ್ಟೆಯಲ್ಲಿ ಕಾಲುವೆ ಒರೆಸಿ ಆಮೇಲೆ ಒತ್ತು. ಮುಚ್ಚಿ ಆದಮೇಲೆ ಕವರನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅದುಮು. ಸುಯ್ ಅಂದರೆ ಎಲ್ಲೋ ಕೂತಿಲ್ಲ ಅಂತ ಲೆಕ್ಕ. ಎಳೆಯುವ ಗುಂಡಿ ಇರುವ ಜಿಪ್ಪಾದರೆ ಗುಂಡಿ ನಿಲ್ಲುವ ಮೂಲೆಯಲ್ಲೇ ಹೆಚ್ಚಾಗಿ ಗಾಳಿ ಹೋಗುವುದು. ಅಲ್ಲೇ ನೋಡು.

ಭಾವ ಕೇಳಿದ್ದರು, ಇದು ಈಗಿನ ಕಾಲದ್ದಾ ಅಂತ. ಭಾವ, ಜಿಪ್ ಕವರ್ ಹೊಸತಲ್ಲ. ಅಮೆರಿಕದ ಡೌ ಕೆಮಿಕಲ್ ಕಂಪನಿ ಜಿಪ್‌ಲಾಕ್ ಅಂತ ಹೆಸರಿಟ್ಟು ಪೇಟೆಗೆ ಬಿಟ್ಟಿದ್ದು 1968ರಲ್ಲಿ. ಇನ್ನು ಖಾನೆ ಇರುವ ಚೀಲ ಅಂತೀರಾ, ಅದು ನಮ್ಮಲ್ಲಿ ಅದಕ್ಕೂ ಎಷ್ಟೋ ಮೊದಲಿನದು. ಅಜ್ಜಯ್ಯನ ಎಲೆಯಡಿಕೆ ಸಂಚಿ ನೆನಪಿದೆಯಾ? ಬಟ್ಟೆಯದ್ದು, ದಾರ ಎಳೆದರೆ ಬಾಯಿ ಮುಚ್ಚುವಂಥದ್ದು. ಒಂದು ಖಾನೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಹೊಗೆಸೊಪ್ಪು. ಸುಣ್ಣವನ್ನು ಮಾತ್ರ ಯಾರೂ ಖಾನೆಗೆ ಹಾಗೇ ಹಾಕುತ್ತಿರಲಿಲ್ಲ. ಅದಕ್ಕೆ ಬೇರೆಯೇ ಡಬ್ಬಿ, ಮುಚ್ಚಳ ತಿರುಗಿಸಿ ಬಿಗಿ ಮಾಡುವ ಡಬ್ಬಿ, ಆ ಡಬ್ಬಿ ಸಂಚಿಯೊಳಗೆ. ಒಣಗಿದ್ದು ಖಾನೆಗೆ, ಹಸಿಯಾದದ್ದು ಡಬ್ಬಿಗೆ. ಪುಟ್ಟಿ, ನೀನು ಪ್ಯಾಕ್ ಮಾಡುವಾಗಲೂ ಇಷ್ಟೇ. ಖಾನೆ ಎಷ್ಟಿದೆ ಅಂತ ಎಣಿಸಬೇಡ, ಯಾವುದರ ಪಕ್ಕ ಯಾವುದನ್ನು ಕೂರಿಸುತ್ತಿದ್ದೀಯ ಅಂತ ನೋಡು.

ಯಾಕೆಂದರೆ ಪಕ್ಕದ ಖಾನೆಗೆ ಹೋಗುವುದು ಪುಡಿ ಒಂದೇ ಅಲ್ಲ. ವಾಸನೆ ಹೋಗುತ್ತದೆ. ಈ ಕವರುಗಳೆಲ್ಲ ಹೆಚ್ಚಾಗಿ ಪಾಲಿಥೀನ್. ಪಾಲಿಥೀನ್ ನೀರನ್ನು ಚೆನ್ನಾಗಿ ತಡೆಯುತ್ತದೆ, ವಾಸನೆಯನ್ನು ಅಷ್ಟಾಗಿ ತಡೆಯುವುದಿಲ್ಲ. ರಂಧ್ರ ಇರಬೇಕು ಅಂತಲೂ ಇಲ್ಲ, ಹಾಳೆಯ ಮೂಲಕವೇ ದಾಟುತ್ತದೆ. ಇಂಗನ್ನು ಒಂದು ಖಾನೆಗೆ, ಏಲಕ್ಕಿಯನ್ನು ಪಕ್ಕದ ಖಾನೆಗೆ ಹಾಕಿ ವಾರ ಬಿಡು. ಆ ಏಲಕ್ಕಿಯಲ್ಲಿ ಪಾಯಸ ಮಾಡಿದರೆ ಬಡಿಸುವ ಮೊದಲೇ ಗೊತ್ತಾಗುತ್ತದೆ. ವಾಸನೆ ನಿಲ್ಲಬೇಕು ಅಂದರೆ ಒಳಗೆ ಬೆಳ್ಳಿ ಹಾಗೆ ಹೊಳೆಯುವ ಅಲ್ಯೂಮಿನಿಯಂ ಪದರ ಇರುವ ಪೊಟ್ಟಣ ಬೇಕು, ಕಾಫಿಪುಡಿ ಬರುತ್ತದಲ್ಲ, ಅಂಥದ್ದು. ಇಂಗನ್ನು ಅದರದೇ ಡಬ್ಬಿಯಲ್ಲಿ ಬಿಡು, ಬಿಚ್ಚಲೇಬೇಡ.

ಕಾಫಿಪುಡಿ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆಗಷ್ಟೇ ಹುರಿದು ಬೀಸಿದ ಪುಡಿಯನ್ನು ತಂದ ದಿನವೇ ಜಿಪ್ ಕವರಿಗೆ ತುಂಬಿ ಬಿಗಿ ಮಾಡಬಾರದು. ಹುರಿದ ಕಾಫಿ ಕೆಲವು ದಿನ ಗಾಳಿ ಬಿಡುತ್ತಲೇ ಇರುತ್ತದೆ. ಕವರ್ ಉಬ್ಬಿ ಜಿಪ್ ತಾನೇ ಬಿಟ್ಟುಕೊಳ್ಳುತ್ತದೆ. ಅಂಗಡಿಯವರು ಕೊಟ್ಟ ಪೊಟ್ಟಣದಲ್ಲೇ ಇರಲಿ.

ಹಾಂ, ತಡಿ, ಕರೆಂಟ್ ಹೋಯಿತು. ಮಳೆ ಬಂತು ಅಂದರೆ ಇಲ್ಲಿ ಇದೇ ಕಥೆ. ಇರಲಿ, ಫೋನಿನಲ್ಲಿ ಚಾರ್ಜ್ ಇದೆ.

ಇನ್ನು ತೇವದ ವಿಷಯ. ನೀನು ಶಿವಮೊಗ್ಗ ಪೇಟೆಯಲ್ಲಿದ್ದೀಯ, ಅಲ್ಲಿ ಅಷ್ಟು ಗೊತ್ತಾಗುವುದಿಲ್ಲ. ನಮ್ಮದು ಆಗುಂಬೆ ಬುಡ. ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರಿನ ಪಕ್ಕ. ಗಾಳಿಯ ತೇವ ನೂರಕ್ಕೆ ಎಪ್ಪತ್ತೈದು ದಾಟಿತು ಅಂದರೆ ಉಪ್ಪು ನೀರು ಬಿಡಲು ಶುರು. ಇಲ್ಲಿ ಮಳೆಗಾಲ ಪೂರ್ತಿ ಅದಕ್ಕಿಂತ ಮೇಲೇ ಇರುತ್ತದೆ. ಆ ಗಾಳಿಯಲ್ಲಿ ಕವರ್ ಬಾಯಿ ತೆರೆದು ತುಂಬಿ ಮುಚ್ಚಿದೆ ಅಂತ ಇಟ್ಟುಕೋ, ಅದೇ ಹಸಿ ಗಾಳಿಯನ್ನೇ ಒಳಗೆ ಕೂಡಿಟ್ಟ ಹಾಗಾಯಿತು. ಜಿಪ್ ಒಳ್ಳೆಯದಿದ್ದಷ್ಟೂ ಹೊರಗೂ ಹೋಗುವುದಿಲ್ಲ.

ಒಂದೇ ಜಿಪ್ಪಿನ ಮೂರು ಖಾನೆಯಲ್ಲಿ ಇದು ಇನ್ನೂ ಕಷ್ಟ. ಮೂರಕ್ಕೂ ಮೇಲಿನ ಗಾಳಿ ಒಂದೇ ಅಲ್ವಾ? ಯಾವುದರಲ್ಲಿ ತೇವ ಇದೆಯೋ ಅದು ಒಣಗಿದ್ದಕ್ಕೆ ಕೊಡುತ್ತದೆ. ನಮ್ಮ ಪಕ್ಕದ ಮನೆಯವರು ಮಗಳಿಗೆ ಅಂತ ಒಂದು ಖಾನೆಗೆ ನೀರಾಗಿರುವ ಜೋನಿಬೆಲ್ಲ ಅಲ್ಲ, ಅಚ್ಚುಬೆಲ್ಲವೇ, ಕುಟ್ಟಿ ಹಾಕಿದ್ದರು. ಪಕ್ಕದಲ್ಲಿ ಹಲಸಿನ ಹಪ್ಪಳ, ಚೂರು ಮಾಡಿದ್ದು. ಅಲ್ಲಿ ಹೋಗಿ ತೆಗೆದಾಗ ಬೆಲ್ಲ ಗಟ್ಟಿಯಾಗಿಯೇ ಇತ್ತು, ಹಪ್ಪಳ ಬಗ್ಗಿಸಿದರೆ ಬಾಗುತ್ತಿತ್ತಂತೆ. ಮುರಿಯಬೇಕಾದ ಹಪ್ಪಳ ಬಾಗಿದರೆ ಮುಗಿಯಿತು, ಎಣ್ಣೆಗೆ ಬಿಟ್ಟರೆ ಅರಳುವುದಿಲ್ಲ.

ಆದ್ದರಿಂದ ಪುಡಿ ಮಾಡುವ ದಿನ ಹೀಗೆ ಮಾಡು. ಮೆಣಸು, ಕೊತ್ತಂಬರಿ ಎಲ್ಲ ಹುರಿದ ಮೇಲೆ ಅಗಲ ತಟ್ಟೆಯಲ್ಲಿ ಹರವಿ ಪೂರ್ತಿ ಆರಿಸು. ಬೀಸಿದ ಮೇಲೆ ಪುಡಿ ಮತ್ತೆ ಬೆಚ್ಚಗಾಗಿರುತ್ತದೆ, ಮತ್ತೊಂದು ಸಲ ಆರಿಸು. ಬಿಸಿ ಇರುವಾಗಲೇ ಮುಚ್ಚಿದರೆ ಕವರಿನ ಒಳಗೋಡೆಯಲ್ಲಿ ಬೆವರು ಕೂರುತ್ತದೆ, ಹದಿನೈದು ದಿನಕ್ಕೆ ಬೂಷ್ಟು. ಹಾಗಂತ ರಾತ್ರಿಯಿಡೀ ತೆರೆದಿಟ್ಟರೂ ಕೆಟ್ಟಿತು, ಗಾಳಿಯ ತೇವವನ್ನು ಪುಡಿ ಕುಡಿಯುತ್ತದೆ. ಆರಿದ ಕೂಡಲೇ ತುಂಬು. ಮಳೆ ಬಿಟ್ಟ ಮಧ್ಯಾಹ್ನ ಸಿಕ್ಕಿದರೆ ಒಳ್ಳೆಯದು. ಕಾಲು ಕಿಲೋ, ಕಾಲು ಕಿಲೋ ಸಣ್ಣ ಕವರುಗಳಲ್ಲಿ ಹಾಕು, ದೊಡ್ಡದೊಂದರಲ್ಲಿ ಬೇಡ. ಮಾಣಿ ಒಂದನ್ನು ಬಿಚ್ಚಿದರೆ ಉಳಿದವು ಬಿಚ್ಚದೇ ಇರುತ್ತವೆ. ಆ ಸಣ್ಣ ಕವರುಗಳನ್ನೆಲ್ಲ ಸೇರಿಸಿ ಒಂದು ದೊಡ್ಡ ಜಿಪ್ ಕವರಿಗೆ ಹಾಕು. ಒಂದು ಒಡೆದರೂ ಬಟ್ಟೆಗೆ ಆಗುವುದಿಲ್ಲ. ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರಿ. ಹುಳಿಪುಡಿಗೂ ಸಾರಿನ ಪುಡಿಗೂ ವ್ಯತ್ಯಾಸ ಆ ಮಾಣಿಗೆ ಬಣ್ಣ ನೋಡಿ ತಿಳಿಯುತ್ತದೆ ಅಂತ ನಂಬಬೇಡ.

ಮಿಡಿ ಉಪ್ಪಿನಕಾಯಿಯನ್ನು ಯಾವ ಕವರಿಗೂ ಹಾಕಬೇಡ, ಖಾನೆ ಇರಲಿ ಇಲ್ಲದಿರಲಿ. ಮಿಡಿಯ ತೊಟ್ಟು ಚುಚ್ಚುತ್ತದೆ, ರಸ ಅಂಟಿಸಿದ ಮೂಲೆಯಿಂದ ಜಿನುಗುತ್ತದೆ. ತಿರುಪಿನ ಮುಚ್ಚಳದ ಬಾಟಲಿಗೆ ಹಾಕಿ, ಬಾಟಲಿಯನ್ನು ಜಿಪ್ ಕವರಿನೊಳಗೆ ಇಡು. ಅದು ದೊಡ್ಡ ಪೆಟ್ಟಿಗೆಗೇ ಹೋಗಬೇಕು. ಕೈಚೀಲದಲ್ಲಿ ನೀರು, ಪೇಸ್ಟ್, ಉಪ್ಪಿನಕಾಯಿ ಇಂಥದ್ದಕ್ಕೆಲ್ಲ ವಿದೇಶದ ವಿಮಾನಗಳಲ್ಲಿ ಸಾಮಾನ್ಯವಾಗಿ ಒಂದೊಂದು ಬಾಟಲಿ 100 ಮಿಲಿ ಮೀರಬಾರದು ಅಂತ ಲೆಕ್ಕ. ಅದೂ ಒಂದು ಲೀಟರಿನ ಪಾರದರ್ಶಕ ಜಿಪ್ ಕವರಿನೊಳಗೆ ಕಾಣುವ ಹಾಗೆ ಇರಬೇಕು. ಹಾಳೆಯಷ್ಟು ತೆಳ್ಳಗಿನ ಸಿಹಿ, ತೊಡೆದೇವು, ಅದನ್ನೂ ಕವರಿಗೆ ಹಾಕಿ ಕಳಿಸಿದರೆ ಅಲ್ಲಿಗೆ ಪುಡಿಯೇ ಮುಟ್ಟುವುದು. ಗಟ್ಟಿ ಡಬ್ಬಿ ಬೇಕು. ಮತ್ತೆ ಅತ್ತಿಗೆ ತುಪ್ಪ ಕಾಯಿಸಿ ಕೊಡುತ್ತೇನೆ ಅಂದಿದ್ದಾರಲ್ಲ, ಅತ್ತಿಗೆ, ಬೇಜಾರು ಮಾಡಿಕೊಳ್ಳಬೇಡಿ, ಹಾಲಿನ ಪದಾರ್ಥವನ್ನು ನಮ್ಮ ದೇಶದಿಂದ ಯುರೋಪಿಗೆ ಪ್ರಯಾಣಿಕರು ಒಯ್ಯುವ ಹಾಗಿಲ್ಲ, ಕೈಚೀಲದಲ್ಲೂ ಇಲ್ಲ, ದೊಡ್ಡ ಪೆಟ್ಟಿಗೆಯಲ್ಲೂ ಇಲ್ಲ. ತುಪ್ಪ, ಖೋವಾ ಎರಡೂ ಅದರಲ್ಲಿ ಬರುತ್ತವೆ. ಹಸಿ ಕರಿಬೇವಿಗೂ ಗಿಡದ ಸರ್ಟಿಫಿಕೇಟ್ ಕೇಳುತ್ತಾರೆ. ಒಣಗಿಸಿ ಪುಡಿಗೇ ಸೇರಿಸಿಬಿಡಿ.

ಹಾಗಾದರೆ ಆ ಮೂರು ಖಾನೆ ಕವರ್ ಯಾತಕ್ಕೆ ಅಂತೀಯಾ? ಒಣಗಿದ, ವಾಸನೆ ಇಲ್ಲದ, ಉದುರದ ಸಾಮಾನಿಗೆ ಅದರಷ್ಟು ಅನುಕೂಲ ಬೇರೆ ಇಲ್ಲ. ಚಾರ್ಜರ್ ಒಂದರಲ್ಲಿ, ಪ್ಲಗ್ ಒಂದರಲ್ಲಿ, ಸೂಜಿ ದಾರ ಗುಂಡಿ ಒಂದರಲ್ಲಿ. ಸೂಜಿಯನ್ನು ಪಿನ್ ಡಬ್ಬಿಯಲ್ಲಿ ಹಾಕಿ ಆಮೇಲೆ ಇಡು, ಇಲ್ಲದಿದ್ದರೆ ಕವರಿಗೇ ತೂತು. ಮಾತ್ರೆಗೂ ಬಹಳ ಒಳ್ಳೆಯದು. ಜ್ವರದ್ದು, ಹೊಟ್ಟೆಯದ್ದು, ಅಲರ್ಜಿಯದ್ದು ಬೇರೆ ಬೇರೆ. ಮಾತ್ರೆಯನ್ನು ಶೀಟಿನಿಂದ ಬಿಡಿಸಿ ಮಾತ್ರ ಹಾಕಬೇಡ. ಆ ಶೀಟೇ ತೇವದಿಂದ ಕಾಯುವುದು, ಹೆಸರು ತಾರೀಕು ಇರುವುದೂ ಅದರ ಮೇಲೇ. ಡಾಕ್ಟರ ಚೀಟಿಯನ್ನೂ ಅದೇ ಕವರಿನಲ್ಲಿಡು.

ಕೊಳ್ಳುವಾಗ ಏನು ನೋಡಬೇಕು ಅಂತಲೂ ಕೇಳಿದ್ದೀಯ. ತಿನ್ನುವ ಪದಾರ್ಥಕ್ಕಾದರೆ ಫುಡ್ ಗ್ರೇಡ್ ಅಂತ ಬರೆದಿರಬೇಕು. ಪಾಲಿಥೀನಿಗೆ ನಮ್ಮ ಐಎಸ್ 10146 ಅಂತ ಒಂದು ಮಾನದಂಡ ಇದೆ, ಆ ನಂಬರ್ ಇದ್ದರೆ ಒಳ್ಳೆಯದು. ತ್ರಿಕೋನದೊಳಗೆ 4 ಅಂತ ಇದ್ದರೆ ಮೆತ್ತನೆ ಪಾಲಿಥೀನ್, 5 ಅಂತ ಇದ್ದರೆ ಪಾಲಿಪ್ರೊಪಿಲೀನ್. ಎರಡರಲ್ಲೂ ಪುಡಿ ಹಾಕಬಹುದು. ಬಿಸಿ ಉಪ್ಪಿಟ್ಟು, ಬಿಸಿ ಸಾರು ಮಾತ್ರ ಈ 4ರ ಕವರಿಗೆ ಬೇಡ. ಭಾವ ಪ್ಲಾಸ್ಟಿಕ್ ನಿಷೇಧದ ಮಾತು ಎತ್ತಿದ್ದರು. 2022ರ ಜುಲೈ 1ರಿಂದ ಕೇಂದ್ರ ಸರ್ಕಾರ ನಿಲ್ಲಿಸಿದ್ದರ ಪಟ್ಟಿಯಲ್ಲಿ ತಟ್ಟೆ, ಲೋಟ, ಚಮಚ, ಸ್ಟ್ರಾ ಎಲ್ಲ ಇವೆ, ಜಿಪ್ ಕವರ್ ಇಲ್ಲ. ಹಾಗಂತ ಒಂದು ಸಲ ಬಳಸಿ ತೋಟದ ಬದಿಗೆ ಎಸೆಯುವುದಲ್ಲ ಮತ್ತೆ. ಹಿತ್ತಲಲ್ಲಿ ಗುದ್ದಲಿ ಹಾಕಿದಲ್ಲೆಲ್ಲ ಪ್ಲಾಸ್ಟಿಕ್ ಕೊಟ್ಟೆಯೇ ಸಿಗುತ್ತಿದೆ.

ತೊಳೆದು ಮತ್ತೆ ಬಳಸಬಹುದು. ಒಂದೇ ಹೊಟ್ಟೆಯ ಕವರನ್ನು ಸೌಟಿನ ಮೇಲೆ ಕವುಚಿ ನಿಲ್ಲಿಸಿದರೆ ಒಣಗುತ್ತದೆ. ಮೂರು ಖಾನೆಯದ್ದರಲ್ಲಿ ಅದೇ ಗೋಳು. ತಳದ ಮೂಲೆಗೆ ಬೆರಳೂ ಹೋಗುವುದಿಲ್ಲ, ಬಟ್ಟೆಯೂ ಹೋಗುವುದಿಲ್ಲ, ಈ ಮಳೆಯಲ್ಲಿ ನೀರು ಅಲ್ಲೇ ಕೂತಿರುತ್ತದೆ. ಅದಕ್ಕೂ ಸೇರಿಸಿಯೇ ನಾನು ಪುಡಿಗೆ ಬೇಡ ಅಂದಿದ್ದು.

ಹಪ್ಪಳ ಅಟ್ಟದ ಮೇಲೆ ಒಲೆಯ ಕಾವಿನಲ್ಲೇ ಇದೆ, ಚೆನ್ನಾಗಿ ಒಣಗಿದೆ. ದೊಡ್ಡಪ್ಪ ಮುಂದಿನ ವಾರ ಅಡಿಕೆ ಮಂಡಿಗೆ ಅಂತ ಶಿವಮೊಗ್ಗಕ್ಕೆ ಬರುತ್ತಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ಮಾಣಿಗೆ ಎಷ್ಟು ಕೆಜಿ ಬಿಡುತ್ತಾರೆ ಅಂತ ಟಿಕೆಟ್ ನೋಡಿ ಹೇಳು. ಅದರ ಮೇಲೆ ಐವತ್ತು ಹಪ್ಪಳವೋ ನೂರೋ ಅಂತ ಕಟ್ಟುತ್ತೇನೆ.