ಯುರಾಸ್ಟಮಿ ಚಾರ್ಟ್: ಝಡ್ 93.6 ಜೊತೆ ಝಡ್ 43.6 ಹೋಗುತ್ತಾ?

ಪ್ರಶ್ನೆ: ಅಮೆರಿಕದ ಹೊರರೋಗಿ ಚಾರ್ಟ್, ಐಸಿಡಿ-10-ಸಿಎಂ (ಅಲ್ಲಿನ ರೋಗನಿರ್ಣಯ ಕೋಡ್ ಪಟ್ಟಿ) ಕೋಡಿಂಗ್. ಇಲಿಯಲ್ ಕಾಂಡ್ಯುಟ್ (ಯುರಾಸ್ಟಮಿಯ ಒಂದು ಬಗೆ: ಸಣ್ಣ ಕರುಳಿನ ತುಂಡಿನಿಂದ ಮೂತ್ರ ಹೊರಬಿಡೋ ದಾರಿ), ‘ಸ್ಟೋಮಲ್ ಸ್ಟೆನೋಸಿಸ್, ಸುತ್ತ ಚರ್ಮ ಕೆಂಪು’ ಅಂತಿದೆ (ಸ್ಟೋಮಾ, ಅಂದರೆ ಹೊಟ್ಟೆ ಮೇಲಿನ ತೆರಪು, ಕಿರಿದಾಗಿದೆ). ಎರಡೂ ಝಡ್ ಕೋಡ್ (93.6 ಅಂದರೆ ತೆರಪು ಇದೆ ಅಂತಷ್ಟೇ, 43.6 ಅಂದರೆ ಅದರ ಆರೈಕೆಗೆ ಬಂದದ್ದು) ಹಾಕಬಹುದಾ?

ಉತ್ತರ 1: ಎರಡೂ ಬೇಡ. ತೊಂದರೆ ಸ್ಟೋಮಾದ್ದೇ, ಹಾಗಾಗಿ ಎನ್ 99.524 (ಮೂತ್ರದ ಸ್ಟೋಮಾ ಕಿರಿದಾದದ್ದು). ಝಡ್ 93ರ ಕೆಳಗಿನ ಎಕ್ಸ್‌ಕ್ಲೂಡ್ಸ್ 1 ಟಿಪ್ಪಣಿ (ಜೊತೆಗೆ ಹಾಕಬಾರದ ಕೋಡ್‌ಗಳು) ನೋಡಿ, ಎನ್ 99.5 ಅಲ್ಲೇ ಇದೆ. ಕಾಂಡ್ಯುಟ್ ಮೂತ್ರ ಹಿಡಿದಿಡಲ್ಲ, ಅದಕ್ಕೇ ಎನ್ 99.52ರ ಸಾಲು. ಇಂಡಿಯಾನಾ ಪೌಚ್ (ಮೂತ್ರ ಒಳಗೇ ಹಿಡಿದಿಡೋ ಚೀಲ) ಆಗಿದ್ದರೆ ಎನ್ 99.534.

ಉತ್ತರ 2: ‘ಕೆಂಪು’ ನೋಡಿ ಎಲ್ 24.ಬಿ3 ಹಾಕಬೇಡಿ, ಆಡಿಟ್‌ನಲ್ಲಿ ಸಿಕ್ಕಿಬೀಳೋದು ಇಲ್ಲೇ. ಮೂತ್ರ ತಾಗಿ ಡರ್ಮಟೈಟಿಸ್ (ಚರ್ಮದ ಉರಿಯೂತ) ಅಂತ ಡಾಕ್ಟರೇ ಬರೆಯಬೇಕು. ಕ್ವೆರಿ (ಡಾಕ್ಟರಿಗೆ ಸ್ಪಷ್ಟನೆ ಕೇಳೋ ಪ್ರಶ್ನೆ) ಕಳಿಸಿ, ಆದರೆ ಉತ್ತರ ನೀವೇ ಸೂಚಿಸಬೇಡಿ.

ಉತ್ತರ 3: ಬ್ಯಾಗಿನ ಮೂತ್ರದ ಕಲ್ಚರ್ ಪಾಸಿಟಿವ್ ಅಂತ ಎನ್ 39.0 (ಮೂತ್ರನಾಳದ ಸೋಂಕು) ಕೂಡ ಬೇಡ. ಕಾಂಡ್ಯುಟ್‌ನಲ್ಲಿ ಬ್ಯಾಕ್ಟೀರಿಯಾ, ಲೋಳೆ ಮಾಮೂಲಿ. ಸ್ಯಾಂಪಲ್ ಸ್ಟೋಮಾಗೆ ಕ್ಯಾಥೆಟರ್ ಹಾಕಿ ತೆಗೆದದ್ದಾ, ನೋಟ್‌ನಲ್ಲಿ ಹುಡುಕಿ.