ಸಾಂದ್ರತೆ, ಸಾರತೆ, ಪ್ರಬಲತೆ: ಕಾನ್ಸಂಟ್ರೇಶನ್‌ಗೆ ಯಾವ್ದು ಸರಿ?

ಎಲ್ರಿಗೂ ನಮಸ್ಕಾರ,

ಕಾನ್ಸಂಟ್ರೇಶನ್, ಅಂದ್ರೆ ದ್ರಾವಣದಲ್ಲಿ ಕರಗಿರೋ ವಸ್ತು ಎಷ್ಟಿದೆ ಅನ್ನೋದಕ್ಕೆ ನೀವೆಲ್ಲ ಕನ್ನಡದಲ್ಲಿ ಯಾವ ಪದ ಬಳಸ್ತೀರಿ? ಕನ್ನಡ ಮೀಡಿಯಮ್ಮಲ್ಲಿ ಹತ್ತನೇ ಕ್ಲಾಸ್ ಮುಗಿಸಿ ಪಿಯು ಸೈನ್ಸ್ ಸೇರಿರೋ ಮಕ್ಕಳಿಗೆ ನೀಟ್, ಸಿಇಟಿಗೆ ಅಂತ ಕೆಮಿಸ್ಟ್ರಿ ಲೆಕ್ಕ ಹೇಳ್ಕೊಡ್ತೀನಿ, ಸೊಲ್ಯೂಶನ್ಸ್ ಚಾಪ್ಟರ್ ಬಂದಾಗೆಲ್ಲ ಈ ಪದದ ಹತ್ರ ಪಾಠ ನಿಂತುಬಿಡತ್ತೆ.

ಪ್ರತಿ ಗೈಡಲ್ಲೂ ಇರೋ ಒಂದು ಲೆಕ್ಕ ತಗೊಳ್ಳಿ. ತೂಕದಲ್ಲಿ ಶೇ. 98 ಇರೋ ಸಲ್ಫ್ಯೂರಿಕ್ ಆಮ್ಲ, ಅದರ ಡೆನ್ಸಿಟಿ ಒಂದು ಎಂಎಲ್‌ಗೆ 1.84 ಗ್ರಾಂ, ಮೊಲಾರಿಟಿ (ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಅನ್ನೋದು) ಎಷ್ಟು? ಡೆನ್ಸಿಟಿಗೆ ಸ್ಕೂಲಲ್ಲಿ ಸಾಂದ್ರತೆ ಅಂತ ಕಲ್ತಿರ್ತಾರೆ, ಕಾನ್ಸಂಟ್ರೇಶನ್ನಿಗೂ ಎಷ್ಟೋ ಕಡೆ ಸಾಂದ್ರತೆ ಅಂತಲೇ ಬರೀತಾರೆ, ಹಾಗಾಗಿ "98% ಸಾಂದ್ರತೆಯ ಆಮ್ಲದ ಸಾಂದ್ರತೆ 1.84" ಅಂತ ಆಗಿ ಯಾವ ಸಂಖ್ಯೆ ಎಲ್ಲಿ ಹಾಕ್ಬೇಕು ಅಂತಲೇ ಗೊತ್ತಾಗಲ್ಲ. ಲೆಕ್ಕ ಕಷ್ಟದ್ದೇನಲ್ಲ. ಒಂದು ಲೀಟರ್ ಅಂದ್ರೆ 1840 ಗ್ರಾಂ, ಅದರಲ್ಲಿ ಶೇ. 98 ಆಮ್ಲ, ಅದನ್ನ ಮೋಲಾರ್ ಮಾಸ್ (ಒಂದು ಮೋಲ್‌ನ ತೂಕ) 98 ಗ್ರಾಂನಿಂದ ಭಾಗಿಸಿದ್ರೆ 18.4. ಅದೇ ಆಮ್ಲದ ಮೊಲಾಲಿಟಿ (ಒಂದು ಕೆಜಿ ನೀರಿಗೆ ಎಷ್ಟು ಮೋಲ್ ಅನ್ನೋದು) ಕೇಳಿದ್ರೆ 2 ಗ್ರಾಂ ನೀರಿಗೆ 98 ಗ್ರಾಂ ಆಮ್ಲ, ಅಂದ್ರೆ ಒಂದು ಮೋಲ್, ಉತ್ತರ 500, ಇಲ್ಲಿ ಡೆನ್ಸಿಟಿ ಬೇಕೇ ಆಗಲ್ಲ. ಯಾಕೆ ಅಲ್ಲಿ ಬೇಕಾಯ್ತು ಇಲ್ಲಿ ಬೇಡ ಅನ್ನೋದೇ ಈ ಲೆಕ್ಕದ ಜೀವ, ಡೆನ್ಸಿಟಿ, ಕಾನ್ಸಂಟ್ರೇಶನ್ ಎರಡಕ್ಕೂ ಒಂದೇ ಹೆಸರಿಟ್ರೆ ಅದೇ ಕಾಣಿಸಲ್ಲ.

ಇನ್ನು "ಪ್ರಬಲ ಆಮ್ಲ". ಕಾನ್ಸಂಟ್ರೇಟೆಡ್ ಆಮ್ಲಕ್ಕೂ ಪ್ರಬಲ, ಸ್ಟ್ರಾಂಗ್ ಆಸಿಡ್‌ಗೂ ಪ್ರಬಲ. ಮನೇಲಿ ಗಟ್ಟಿ ಡಿಕಾಕ್ಷನ್ನಿಗೆ ಸ್ಟ್ರಾಂಗ್ ಅಂತೀವಲ್ಲ, ಮಕ್ಕಳು ಅದೇ ಅರ್ಥ ಹಿಡ್ಕೋತಾರೆ. ಆದ್ರೆ ನೀರು ಬೆರೆಸಿ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಮ್ಲ ಆಗ್ಲೂ ಸ್ಟ್ರಾಂಗೇ, ಪೂರ್ತಿ ಅಯಾನುಗಳಾಗಿ ಒಡೀತದೆ. ನೀರೇ ಇಲ್ಲದಷ್ಟು ಗಟ್ಟಿ ಅಸಿಟಿಕ್ ಆಮ್ಲ ಆದ್ರೂ ವೀಕೇ. 0.1 ಮೋಲಾರ್ ಹೈಡ್ರೋಕ್ಲೋರಿಕ್‌ದು ಪಿಎಚ್ (ಕಮ್ಮಿ ಇದ್ದಷ್ಟೂ ಆಮ್ಲೀಯತೆ ಹೆಚ್ಚು) 1, ಅಷ್ಟೇ ಮೊಲಾರಿಟಿಯ ಅಸಿಟಿಕ್‌ದು ಹತ್ತತ್ರ 2.9. ಇಬ್ಬರ ಕಾನ್ಸಂಟ್ರೇಶನ್ ಒಂದೇ ಇರೋವಾಗ ಯಾರನ್ನ ಪ್ರಬಲ ಅನ್ನೋದು?

ನನಗೆ ಸಾರತೆ ಅನ್ನೋದೇ ಸರಿ ಅನ್ಸತ್ತೆ. ಸಾರೀಕೃತ, ಸಾರರಿಕ್ತ ಅಂತ ಶಾಲೆ ಪುಸ್ತಕದಲ್ಲಿ ಆಗ್ಲೇ ಓದಿರ್ತಾರೆ, ಸಾರು ಗೊತ್ತಿರೋ ಯಾವ ಮಗುಗೂ ಸಾರ ಹೆಚ್ಚು ಕಮ್ಮಿ ಅಂದ್ರೆ ಬಿಡಿಸಿ ಹೇಳ್ಬೇಕಿಲ್ಲ. ಸಾಂದ್ರತೆ ಡೆನ್ಸಿಟಿಗಷ್ಟೇ ಇರ್ಲಿ, ಪ್ರಬಲ ದುರ್ಬಲ ಆಮ್ಲದ ಸ್ವಭಾವಕ್ಕಿರ್ಲಿ. ಸಾಂದ್ರ ಅಂದ್ರೆ ದಟ್ಟ ಅಂತ ತಾನೇ ಮೂಲದ ಅರ್ಥ, ಕಾನ್ಸಂಟ್ರೇಟೆಡ್‌ಗೂ ಹೊಂದತ್ತೆ ಅನ್ನೋರ ವಾದ ಅರ್ಥ ಆಗತ್ತೆ, ಆದ್ರೆ ಒಂದೇ ಲೆಕ್ಕದಲ್ಲಿ ಎರಡೂ ಬರೋ ಕಡೆ ಅದು ನಿಲ್ಲಲ್ಲ.

ನೀಟ್ 2017ರಿಂದ, ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಬರೀಬಹುದು. ನೀಟಲ್ಲಿ ಅನುವಾದ ಗೊಂದಲ ಆದ್ರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ ಅಂತ ನಿಯಮ. ಅದಕ್ಕೆ ಎಷ್ಟೋ ಜನ ಕನ್ನಡ ಪದ ಬಿಟ್ಟೇಬಿಡಿ ಅಂತಾರೆ, ನಾನು ಒಪ್ಪಲ್ಲ, ಅರ್ಥ ಮಾಡ್ಕೊಳ್ಳೋ ಭಾಷೆ ಕನ್ನಡ ಆಗಿರೋ ಮಗುಗೆ ಎರಡೂ ಪದ ಜೊತೆಜೊತೆಗೆ ಬೇಕು.

ಗಣಿತದಲ್ಲೂ ಒಂದಿದೆ. ಪರ್ಮ್ಯುಟೇಶನ್‌ಗೆ ಕ್ರಮಯೋಜನೆ ಚೆನ್ನಾಗಿದೆ, ಕ್ರಮ ಮುಖ್ಯ ಅಂತ ಪದಾನೇ ಹೇಳತ್ತೆ, ಐದರಲ್ಲಿ ಎರಡನ್ನ ಸಾಲಾಗಿಡೋದು 20 ಥರ. ಕ್ರಮ ನೋಡದೆ ಸುಮ್ನೆ ಆರಿಸೋದಾದ್ರೆ (ಕಾಂಬಿನೇಶನ್) 10, ಅದಕ್ಕೆ ವಿಕಲ್ಪ ಅಂತೀವಿ, ಆದ್ರೆ ನಾಕು ಉತ್ತರ ಕೊಟ್ಟು ಒಂದು ಆರಿಸಿ ಅನ್ನೋ ಪೇಪರಲ್ಲಿ ವಿಕಲ್ಪ ಅಂದ್ರೆ ಆಪ್ಷನ್ ಅನ್ಕೋತಾರೆ. ಇದಕ್ಕೆ ಬೇರೆ ಪದ ಇದ್ಯಾ?

ಪಿಯು ಪಾಠ ಮಾಡೋರು ತಮ್ಮ ಕ್ಲಾಸಲ್ಲಿ ಬಾಯಲ್ಲಿ ಏನಂತಾರೆ, ಉತ್ತರ ಕರ್ನಾಟಕದ ಕಡೆ ಬೇರೆ ರೂಢಿ ಇದ್ರೆ ಅದನ್ನೂ ದಯವಿಟ್ಟು ತಿಳಿಸಿ.